ಬೂಸ್ಟರ್ ಸೀಟಿನಲ್ಲಿ ಮಗುವನ್ನು ಸರಿಯಾಗಿ ಕೂರಿಸುವ ಬಗೆ

ಕಾರಿನ ಸೀಟ್ ಬೆಲ್ಟನ್ನು ರೂಪಿಸಿರುವುದು ದೊಡ್ಡವರ ಮೈಕಟ್ಟಿಗೆ. ಮಗು ಸುಮಾರು 145 ಸೆಂಟಿಮೀಟರ್ ಎತ್ತರಕ್ಕೆ ಬೆಳೆಯುವ ತನಕ ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲೇರುತ್ತದೆ, ಮೇಲ್ಪಟ್ಟಿ ಕುತ್ತಿಗೆಗೆ ತಾಗುತ್ತದೆ. ಡಿಕ್ಕಿಯಾದಾಗ ಆ ಪಟ್ಟಿಯೇ ಕರುಳಿಗೂ ಬೆನ್ನುಹುರಿಗೂ ಪೆಟ್ಟು ಕೊಡಬಲ್ಲದು. ಬೂಸ್ಟರ್ ಸೀಟಿನ ಮುಖ್ಯ ಕೆಲಸ ಮಗುವನ್ನು ಎತ್ತರಿಸಿ, ಬೆಲ್ಟು ಗಟ್ಟಿ ಎಲುಬುಗಳ ಮೇಲೆ ಹಾಯುವಂತೆ ಮಾಡುವುದು. ಆದ್ದರಿಂದ ಕೊಳ್ಳುವಾಗ ಮೆತ್ತೆ, ಬಣ್ಣಗಳಿಗಿಂತ ಮೊದಲು, ನಿಮ್ಮದೇ ಕಾರಿನಲ್ಲಿ ನಿಮ್ಮದೇ ಮಗುವನ್ನು ಕೂರಿಸಿ ಬೆಲ್ಟು ಹಾಯುವ ದಾರಿಯನ್ನು ನೋಡಿ.

ಬೂಸ್ಟರಿಗೆ ಅವಸರಪಡಬೇಡಿ. ಭುಜ, ಸೊಂಟ, ಕಾಲುಗಳ ನಡುವೆ ತನ್ನದೇ ಪಟ್ಟಿಗಳಿರುವ ಮಕ್ಕಳ ಸೀಟಿನ ತೂಕ ಮತ್ತು ಎತ್ತರದ ಮಿತಿ ಮೀರುವವರೆಗೂ ಮಗು ಅದರಲ್ಲೇ ಇರಲಿ. ನಾಲ್ಕು ವರ್ಷ ತುಂಬಿ, 15 ಕೆ.ಜಿ. ದಾಟಿ, ಪ್ರಯಾಣದುದ್ದಕ್ಕೂ ನೆಟ್ಟಗೆ ಕೂರುವಷ್ಟು ತಿಳಿವಳಿಕೆ ಬಂದ ಮೇಲಷ್ಟೇ ಬೂಸ್ಟರಿನ ಮಾತು. ಬೆನ್ನೊರಗು ಇರುವ ಬೂಸ್ಟರನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಒತ್ತಾಯ. ಶಿರಾಡಿ, ಚಾರ್ಮಾಡಿಯಂಥ ಘಟ್ಟದ ತಿರುವುಗಳಲ್ಲಿ ನಿದ್ದೆಹೋದ ಮಗು ಪಕ್ಕಕ್ಕೆ ವಾಲಿ ಬೆಲ್ಟಿನಿಂದ ಜಾರುವುದನ್ನು ಅದರ ಎರಡು ಬದಿಯ ರೆಕ್ಕೆಗಳು ಬಹುಮಟ್ಟಿಗೆ ತಡೆಯುತ್ತವೆ.

ಬೂಸ್ಟರನ್ನು ಹಿಂಬದಿ ಸೀಟಿನಲ್ಲಿ, ಸೊಂಟ ಮತ್ತು ಭುಜ ಎರಡನ್ನೂ ಹಿಡಿಯುವ ಬೆಲ್ಟ್ ಇರುವ ಜಾಗದಲ್ಲಿಯೇ ಇಡಬೇಕು. ಕೆಲವು ಹಳೆಯ ಕಾರುಗಳಲ್ಲಿ ಹಿಂದಿನ ನಡುವಿನ ಜಾಗಕ್ಕೆ ಸೊಂಟದ ಪಟ್ಟಿ ಮಾತ್ರ ಇರುವುದರಿಂದ ಅದು ಸಲ್ಲದು. ಮಗುವಿನ ಬೆನ್ನು ಪೂರ್ತಿ ಹಿಂದಕ್ಕೆ ಒರಗಲಿ. ಕೆಳಪಟ್ಟಿಯನ್ನು ಬೂಸ್ಟರಿನ ಬದಿಯ ಕೊಕ್ಕೆಗಳ ಅಡಿಯಿಂದ ಹಾಯಿಸಿ, ತೊಡೆಯ ಬುಡದಲ್ಲಿ ಸೊಂಟದೆಲುಬಿಗೆ ತಾಗುವಂತೆ ಇಳಿಸಿ. ಮೇಲ್ಪಟ್ಟಿ ಭುಜದ ನಡುವಿನಿಂದ ಎದೆಯ ಮೇಲೆ ಬರಲಿ. ಬಕಲ್ ಕ್ಲಿಕ್ ಎಂದ ಮೇಲೆ ಪಟ್ಟಿಯನ್ನು ಭುಜದ ಕಡೆಗೆ ಎಳೆದು ಸಡಿಲ ತೆಗೆಯಿರಿ. ದಪ್ಪ ಸ್ವೆಟರ್ ಇದ್ದರೆ ಮೊದಲು ಬಿಚ್ಚಿಸಿ, ಏಕೆಂದರೆ ಅದರಡಿ ಉಳಿಯುವ ಸಡಿಲ ಕಣ್ಣಿಗೆ ಕಾಣುವುದಿಲ್ಲ. ಕುತ್ತಿಗೆ ಉಜ್ಜುತ್ತದೆ ಎಂದು ಮಕ್ಕಳು ಪಟ್ಟಿಯನ್ನು ಕಂಕುಳಡಿಗೋ ಬೆನ್ನ ಹಿಂದಕ್ಕೋ ಸರಿಸಿಕೊಳ್ಳುತ್ತಾರೆ; ಆಗ ಗದರುವ ಬದಲು ಬೆನ್ನೊರಗಿನ ಎತ್ತರ ಸರಿಪಡಿಸಿ.

ಹತ್ತಿರಕ್ಕೇ ತಾನೆ ಎಂದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ನಮ್ಮಲ್ಲಿ ಬಹಳ. ಗಂಟೆಗೆ 50 ಕಿ.ಮೀ. ವೇಗದ ಡಿಕ್ಕಿ ಸುಮಾರು ಹತ್ತು ಮೀಟರ್ ಎತ್ತರದಿಂದ ಬಿದ್ದಂತೆ. ಆ ರಭಸದಲ್ಲಿ ಎಂಥ ಬಲಿಷ್ಠ ತೋಳೂ ಮಗುವನ್ನು ಹಿಡಿದಿಡಲಾರದು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 194ಬಿ ಕಲಮಿನಂತೆ, 14 ವರ್ಷ ತುಂಬದ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಸೀಟು ಇಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡವೂ ಇದೆ.

ಮಗು ಇಲ್ಲದಾಗಲೂ ಖಾಲಿ ಬೂಸ್ಟರಿಗೆ ಬೆಲ್ಟ್ ಹಾಕಿಡಿ, ಇಲ್ಲವಾದರೆ ಜೋರಾಗಿ ಬ್ರೇಕ್ ಹಾಕಿದಾಗ ಅದು ಮುಂದಿನವರ ಮೇಲೆ ಹಾರುತ್ತದೆ. ದೊಡ್ಡ ಅಪಘಾತ ಕಂಡ ಬೂಸ್ಟರನ್ನು ಮತ್ತೆ ಬಳಸಬೇಡಿ.

ಬೂಸ್ಟರ್ ಬಿಡಿಸುವ ಕಾಲವನ್ನು ವಯಸ್ಸಿಗಿಂತ ಎತ್ತರ ನೋಡಿ ತೀರ್ಮಾನಿಸಬೇಕು. ಕಾರಿನ ಸೀಟಿಗೇ ಬೆನ್ನು ಪೂರ್ತಿ ಒರಗಿ, ಮಂಡಿ ಸೀಟಿನ ಅಂಚಿನಲ್ಲಿ ಮಡಿಚಿ, ಎರಡೂ ಪಟ್ಟಿಗಳು ಹೇಳಿದ ಜಾಗದಲ್ಲಿ ಕೂತು, ಮಗು ಊರು ತಲುಪುವವರೆಗೂ ಹಾಗೆಯೇ ಕುಳಿತಿದ್ದರೆ ಬೂಸ್ಟರ್ ತೆಗೆದಿಡಬಹುದು. ಆಮೇಲೂ 13 ತುಂಬುವ ತನಕ ಹಿಂಬದಿ ಸೀಟೇ ಇರಲಿ.