ಲೇಡಿಗ್ ಕೋಶದೊಳಗೆ ಸಂಕೇತ ಎಲ್ಲಿ ನಿಂತಿತು ಅಂತ ಹುಡುಕಿದ ಬಗೆ

ವೃಷಣದ ಲೇಡಿಗ್ ಕೋಶಕ್ಕೆ ಎಲ್‌ಎಚ್ ಅನ್ನುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನ್ ತಲುಪಿದರೆ ಟೆಸ್ಟೋಸ್ಟೆರಾನ್ ಬರುತ್ತದೆ, ಇದು ಎಲ್ಲರೂ ಓದಿದ್ದೇ ಅಲ್ವಾ. ನನಗೆ ಬೇಕಿದ್ದದ್ದು ನಡುವಿನ ದಾರಿ, ಯಾವುದೋ ರಾಸಾಯನಿಕ ಅದನ್ನು ತಡೆದರೆ ಎಲ್ಲಿ ತಡೆಯಿತು ಅನ್ನುವುದು.

ನಾನು ಬೆಳೆಸಿದ್ದು ಎಂಎ-10 ಕೋಶಗಳನ್ನು. ಇಲಿಯ ಲೇಡಿಗ್ ಗೆಡ್ಡೆಯಿಂದ ವಿಜ್ಞಾನಿ ಮಾರಿಯೋ ಅಸ್ಕೋಲಿ ಈ ಕೋಶಸಾಲನ್ನು (ಲ್ಯಾಬಿನಲ್ಲಿ ಬೆಳೆಯುತ್ತಲೇ ಇರುವ ಕೋಶಗಳನ್ನು) ಪಡೆದು 1981ರಲ್ಲಿ ವರದಿ ಮಾಡಿದರು. ಇವು ಹೆಚ್ಚಾಗಿ ಮಾಡುವುದು ಟೆಸ್ಟೋಸ್ಟೆರಾನ್ ಅಲ್ಲ, ಪ್ರೊಜೆಸ್ಟೆರಾನ್ ಅನ್ನುವ ಇನ್ನೊಂದು ಸ್ಟೆರಾಯ್ಡ್ ಹಾರ್ಮೋನ್, ಹಾಗಾಗಿ ಅಳೆಯುವುದೂ ಅದನ್ನೇ. ತಟ್ಟೆಗೆ ಜೆಲಾಟಿನ್ ಲೇಪಿಸಿದರೆ ಚೆನ್ನಾಗಿ ಅಂಟಿಕೊಳ್ಳುತ್ತವೆ. ಹಾರ್ಮೋನ್ ಹಾಕುವ ಮೊದಲು ಕೋಶ ಬೆಳೆಸುವ ದ್ರವದಲ್ಲಿರುವ ಸೀರಮ್ (ರಕ್ತದ ತಿಳಿ) ತೆಗೆದುಬಿಡುತ್ತೇನೆ, ಇಲ್ಲದಿದ್ದರೆ ಸೀರಮ್‌ನಲ್ಲೇ ಇರುವ ಸ್ಟೆರಾಯ್ಡ್‌ಗಳು, ಬೆಳವಣಿಗೆ ಅಂಶಗಳು ಲೆಕ್ಕ ಕೆಡಿಸುತ್ತವೆ.

ಎಲ್‌ಎಚ್ ಬದಲು ಎಚ್‌ಸಿಜಿ, ಅಂದರೆ ಗರ್ಭಿಣಿಯರಲ್ಲಿ ಬರುವ ಹಾರ್ಮೋನ್, ಹಾಕಿದೆ. ಎರಡೂ ಹಿಡಿಯುವುದು ಕೋಶದ ಹೊರಪೊರೆಯ ಮೇಲಿನ ಒಂದೇ ಗ್ರಾಹಕವನ್ನು. ಗ್ರಾಹಕ ಜಿಎಸ್ ಪ್ರೋಟೀನನ್ನು ಎಬ್ಬಿಸುತ್ತದೆ, ಅದು ಅಡಿನೈಲಿಲ್ ಸೈಕ್ಲೇಸ್ ಅನ್ನುವ ಕಿಣ್ವವನ್ನು, ಸೈಕ್ಲೇಸ್ ಸೈಕ್ಲಿಕ್ ಎಎಂಪಿ ಅನ್ನುವ, ಸಂಕೇತ ಒಯ್ಯುವ ಪುಟ್ಟ ಅಣುವನ್ನು ಮಾಡುತ್ತದೆ. ಇದು ನಿಮಿಷಗಳಲ್ಲೇ ಏರುತ್ತದೆ, ಆದರೆ ಫಾಸ್ಫೋಡೈಎಸ್ಟರೇಸ್ ಕಿಣ್ವ ಅಷ್ಟೇ ಬೇಗ ಒಡೆದೂ ಹಾಕುತ್ತದೆ, ಅದಕ್ಕೇ ಸೈಕ್ಲಿಕ್ ಎಎಂಪಿ ಅಳೆಯುವ ಬಾವಿಗಳಿಗೆ (ತಟ್ಟೆಯ ಪುಟ್ಟ ಗುಳಿಗಳಿಗೆ) ಆ ಕಿಣ್ವವನ್ನು ತಡೆಯುವ ಐಬಿಎಂಎಕ್ಸ್ ಸೇರಿಸುತ್ತೇನೆ. ಆಮೇಲೆ ಸೈಕ್ಲಿಕ್ ಎಎಂಪಿ ಎಬ್ಬಿಸುವ ಪಿಕೆಎ ಕಿಣ್ವ, ಅದರಿಂದ ಸ್ಟಾರ್ ಪ್ರೋಟೀನ್. ಸ್ಟೆರಾಯ್ಡ್‌ಗೆ ಕಚ್ಚಾವಸ್ತುವಾದ ಕೊಲೆಸ್ಟರಾಲನ್ನು, ಅದನ್ನು ಕತ್ತರಿಸುವ ಕಿಣ್ವ ಇರುವ ಮೈಟೊಕಾಂಡ್ರಿಯದ ಒಳಪೊರೆಗೆ ದಾಟಿಸುವುದು ಈ ಸ್ಟಾರ್. ಇಡೀ ಕೆಲಸದ ವೇಗ ನಿಂತಿರುವುದು ಇಲ್ಲೇ.

ಸೂಕ್ಷ್ಮದರ್ಶಕದಲ್ಲಿ ನೋಡುವುದು ನನಗೆ ತುಂಬಾ ಇಷ್ಟ. ಚಪ್ಪಟೆಯಾಗಿ ಹರಡಿಕೊಂಡಿದ್ದ ಕೋಶಗಳು ಸೈಕ್ಲಿಕ್ ಎಎಂಪಿ ಏರಿದಂತೆ ಅಂಚು ಒಳಗೆಳೆದುಕೊಂಡು ಗುಂಡಗಾಗುತ್ತವೆ. ಅಳತೆ ಬರುವ ಮೊದಲೇ ಸಂಕೇತ ಮುಟ್ಟಿದ್ದು ಕಣ್ಣಿಗೆ ಕಾಣುತ್ತದೆ.

ಈಗ ಮುಖ್ಯ ವಿಷಯ. ಯಾವುದೋ ರಾಸಾಯನಿಕ ಕೊಟ್ಟಾಗ ಪ್ರೊಜೆಸ್ಟೆರಾನ್ ಇಳಿಯಿತು ಅನ್ನಿ. ಸುಮ್ನೆ "ಸಂಕೇತ ತಡೆಯಿತು" ಅಂತ ಬರೆದರೆ ಏನೂ ಹೇಳಿದಂತಾಗುವುದಿಲ್ಲ. ನಾನು ಒಂದೊಂದು ಮೆಟ್ಟಿಲು ಹಾರಿಸಿ ನೋಡುತ್ತೇನೆ. ಫೋರ್ಸ್ಕೋಲಿನ್ ಗ್ರಾಹಕವನ್ನು ಬಿಟ್ಟು ನೇರ ಸೈಕ್ಲೇಸನ್ನು ಎಬ್ಬಿಸುತ್ತದೆ. ಅದಕ್ಕೆ ಪ್ರೊಜೆಸ್ಟೆರಾನ್ ಸರಿಯಾಗಿ ಬಂದರೆ ತೊಡಕು ಮೇಲೆ, ಗ್ರಾಹಕದ ಹತ್ತಿರ. ಬರದಿದ್ದರೆ 8-ಬ್ರೋಮೋ ಸೈಕ್ಲಿಕ್ ಎಎಂಪಿ, ಅಂದರೆ ಹೊರಗಿಂದ ಕೊಡುವ ಸೈಕ್ಲಿಕ್ ಎಎಂಪಿಯ ಬದಲಿ, ಇದಕ್ಕೆ ಸೈಕ್ಲೇಸೂ ಬೇಡ. ಅದಕ್ಕೂ ಪ್ರೊಜೆಸ್ಟೆರಾನ್ ಏಳದಿದ್ದರೆ 22ಆರ್-ಹೈಡ್ರಾಕ್ಸಿ ಕೊಲೆಸ್ಟರಾಲ್, ಕೊಲೆಸ್ಟರಾಲ್‌ನದೇ ಒಂದು ರೂಪ. ಇದು ಸ್ಟಾರ್ ಸಹಾಯವಿಲ್ಲದೆ ತಾನಾಗಿ ಮೈಟೊಕಾಂಡ್ರಿಯದೊಳಗೆ ಹೋಗುತ್ತದೆ. ಇದನ್ನು ಕೊಟ್ಟಾಗ ಪ್ರೊಜೆಸ್ಟೆರಾನ್ ಮರಳಿದರೆ ಕಿಣ್ವಗಳು ಚೆನ್ನಾಗಿವೆ, ಕೊಲೆಸ್ಟರಾಲ್ ಸಾಗಣೆ ಅಥವಾ ಅದಕ್ಕೂ ಹಿಂದಿನ ಪಿಕೆಎ ಕೆಟ್ಟಿದೆ ಅಂತ. ಮರಳದಿದ್ದರೆ ಕಿಣ್ವಗಳನ್ನೇ ನೋಡಬೇಕು. ಜೊತೆಗೆ ಕೋಶಗಳು ಬದುಕಿವೆಯಾ ಅನ್ನುವ ಪರೀಕ್ಷೆ ಅದೇ ತಟ್ಟೆಯಲ್ಲಿ ಇರಲೇಬೇಕು, ಸಾಯುತ್ತಿರುವ ಕೋಶವೂ ಪ್ರೊಜೆಸ್ಟೆರಾನ್ ಕಮ್ಮಿಯೇ ಮಾಡುತ್ತದೆ.