ಸೆಟ್ ಅಂದ್ರೆ ಏನ್ರಿ ಅಕ್ಕೋರ?

ಕೊಪ್ಪಳದಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರೆಲ್ಲ ದುಡಿಯುವ ಜನ. ಗಿಣಿಗೇರಿ ಕಡೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬರುವವರು, ಗೌಂಡಿ ಕೆಲಸದಿಂದ ಸಣ್ಣ ಕಾಂಟ್ರ್ಯಾಕ್ಟಿಗೆ ಬಡ್ತಿ ಪಡೆದವರು, ವಕೀಲರ ಹತ್ತಿರ ಗುಮಾಸ್ತರಾಗಿರುವವರು, ಕುಷ್ಟಗಿ ಕಡೆ ದಾಳಿಂಬೆ ಹಾಕಿರುವ ರೈತರೊಬ್ಬರು. ಇವರಿಗೆ ಉದ್ದುದ್ದ ಪದಗಳ ಭಯ ಇಲ್ಲ. ಫೋನ್ ತೆಗೆದು ನೋಡುತ್ತಾರೆ, ಒಂದೋ ಎರಡೋ ಅರ್ಥ ಸಿಗುತ್ತದೆ, ಮುಗೀತು. ಜೀವ ತಿನ್ನುವುದು ಇಂಗ್ಲಿಷಿನ ಮೂರಕ್ಷರದ ಪದಗಳು. ಗೆಟ್, ಪುಟ್, ರನ್, ಮತ್ತೆ ಎಲ್ಲಕ್ಕಿಂತ ಜಾಸ್ತಿ ಈ ಸೆಟ್.

ಫೋನಲ್ಲಿ ಸೆಟ್ ಅಂತ ಹುಡುಕಿದವರ ಮುಖ ನೋಡಬೇಕು. ಬೆರಳಲ್ಲಿ ಮೇಲೆ ತಳ್ಳುತ್ತಾರೆ, ತಳ್ಳುತ್ತಾರೆ, ಮುಗಿಯೋದೇ ಇಲ್ಲ. ಮುಗಿಯಲ್ಲ ಅನ್ನೋದಕ್ಕೆ ಕಾರಣವೂ ಇದೆ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದೇ ಪದದ್ದು. ಕ್ರಿಯಾಪದವಾಗಿ 430 ಅರ್ಥ, ವಿವರಿಸೋಕೆ ಸುಮಾರು 60,000 ಪದ. ಆಮೇಲೆ ಆ ನಿಘಂಟನ್ನು ಪರಿಷ್ಕರಿಸುವಾಗ ರನ್ 645 ಅರ್ಥ ಇಟ್ಟುಕೊಂಡು ಇದನ್ನೂ ಹಿಂದೆ ಹಾಕಿತು. ಪೀಟರ್ ಗಿಲಿವರ್ ಅನ್ನೋ ನಿಘಂಟುಕಾರರು ಆ ಒಂದೇ ಪದಕ್ಕೆ ಒಂಬತ್ತು ತಿಂಗಳು ಕೊಟ್ಟರು. ಇದನ್ನು ಕ್ಲಾಸಲ್ಲಿ ಹೇಳಿದರೆ ಎಲ್ಲರಿಗೂ ಒಂಥರಾ ಸಮಾಧಾನ, ತಮಗಷ್ಟೇ ಅಲ್ಲ ಇಂಗ್ಲಿಷಿನವರಿಗೂ ಇದು ತಲೆನೋವು ಅಂತ.

ನಾನು ಅರ್ಥಗಳ ಪಟ್ಟಿ ಕೊಡಲ್ಲ. ಪಟ್ಟಿ ಬರೆಸಿದರೆ ಬರೆದುಕೊಳ್ಳುತ್ತಾರೆ, ಪುಸ್ತಕ ಮುಚ್ಚುತ್ತಾರೆ, ಅಷ್ಟೇ. ಮೊದಲು ಅವರ ಬಾಯಲ್ಲಿ ಈಗಾಗಲೇ ಇರುವ ಸೆಟ್‌ಗಳನ್ನೆಲ್ಲ ಹೊರಗೆ ಹಾಕಿಸುತ್ತೇನೆ. ಪಂಪ್‌ಸೆಟ್, ಸೆಟ್ ದೋಸೆ, ಸ್ಲ್ಯಾಬ್ ಸೆಟ್ ಆಗೈತಿ, ಅಲಾರಂ ಸೆಟ್ ಮಾಡು, ಸೆಟ್‌ಬ್ಯಾಕ್ ಬಿಡಬೇಕು, ಪೇಪರ್ ಸೆಟ್ ಮಾಡ್ಯಾರ, ಆ ಹುಡುಗ ನಮಗ ಸೆಟ್ ಆಗಂಗಿಲ್ಲ, ಆರ್ಡರ್ ಸೆಟ್ ಅಸೈಡ್ ಆತು, ದಾಳಿಂಬೆ ಸೆಟ್ಟಿಂಗ್ ಚಲೋ ಐತಿ. ಬೋರ್ಡ್ ತುಂಬಿಹೋಗುತ್ತದೆ. ಇಂಗ್ಲಿಷ್ ಬರಲ್ಲ ಅಂತ ಬಂದ ಜನ ಇವರು!

ಆಮೇಲೆ ಒಂದೇ ಪ್ರಶ್ನೆ ಕೇಳುತ್ತೇನೆ. ಗಣಪ್ಪನ್ನ ಏನ್ ಮಾಡ್ತೀರಿ ಚೌತಿ ದಿನ?

"ಕುಂದ್ರಸ್ತೀವ್ರಿ ಅಕ್ಕೋರ."

ಅದೇ ಸೆಟ್. ಇಂಗ್ಲಿಷಿನ ಸಿಟ್ ಅಂದರೆ ಕೂರು, ಸೆಟ್ ಅಂದರೆ ಕೂರಿಸು. ಇದು ನಾನು ಕಲಿಸೋಕೆ ಅಂತ ಕಟ್ಟಿದ ಕಥೆಯಲ್ಲ, ಆ ಪದ ಹುಟ್ಟಿದ್ದೇ ಹಾಗೆ. ನಾವು ಕ್ರಿಯಾಪದದ ಬಾಲಕ್ಕೆ ಇಸು ಅಂತ ಹಚ್ಚಿ ಕೂರಿಸು, ಮಲಗಿಸು, ಕುಡಿಸು ಮಾಡಿಕೊಳ್ಳುತ್ತೇವೆ. ಬಹಳ ಹಿಂದೆ ಇಂಗ್ಲಿಷಿನ ಪೂರ್ವಜರಿಗೂ ಇಂಥದೊಂದು ಪದ್ಧತಿ ಇತ್ತು, ಬಾಲದ ಜೊತೆಗೆ ಪದದೊಳಗಿನ ಸ್ವರವೂ ಬದಲಾಗುತ್ತಿತ್ತು. ಬಾಲ ಸವೆದು ಹೋಗಿ ಈಗ ಸ್ವರದ ವ್ಯತ್ಯಾಸ ಮಾತ್ರ ಕಾಣುತ್ತದೆ. ಹೊಸದಾಗಿ ಈಗ ಯಾರೂ ಹಾಗೆ ಮಾಡಲ್ಲ, ಆದರೆ ಹಳೇ ಜೋಡಿಗಳು ಉಳಿದಿವೆ. ಲೈ ಅಂದರೆ ಮಲಗು, ಲೇ ಅಂದರೆ ಮಲಗಿಸು. ಫಾಲ್ ಅಂದರೆ ಬೀಳು, ಫೆಲ್ ಅಂದರೆ ಬೀಳಿಸು, ಮರ ಕಡಿದು ಉರುಳಿಸೋದಕ್ಕೆ ಈಗಲೂ ಅದೇ ಪದ. (ಬೀಳು ಅನ್ನೋದರ ಭೂತಕಾಲವೂ ಫೆಲ್ ಅಂತಲೇ ಇರೋದು ನಮ್ಮ ಕರ್ಮ.) ಡ್ರಿಂಕ್ ಅಂದರೆ ಕುಡಿ, ಡ್ರೆಂಚ್ ಅಂದರೆ ಮೂಲದಲ್ಲಿ ಕುಡಿಸು.

ಡ್ರೆಂಚ್ ಅಂದ ತಕ್ಷಣ ದಾಳಿಂಬೆಯವರು ಎದ್ದು ಕೂತರು. ಅವರು ಗಿಡದ ಬುಡಕ್ಕೆ ಔಷಧಿ ಹುಯ್ಯೋದಕ್ಕೆ ದಿನಾ ಡ್ರೆಂಚಿಂಗ್ ಅಂತಲೇ ಅನ್ನೋದು. "ಅಂದ್ರ ಗಿಡಕ್ಕ ಕುಡಸಾಕತ್ತೀವಿ ಅಂದಂಗಾತಲ್ರಿ!" ಹೌದು ಮತ್ತೆ. ದನಕ್ಕೆ ಗೊಟ್ಟದಲ್ಲಿ ಔಷಧಿ ಕುಡಿಸೋದಕ್ಕೂ ಇಂಗ್ಲಿಷಿನ ಪಶುವೈದ್ಯರು ಡ್ರೆಂಚ್ ಅಂತಾರೆ. ಈ ಜೋಡಿ ಒಂದು ಸಿಕ್ಕಿದ ಮೇಲೆ ಅವತ್ತಿನ ಪಾಠ ನಾನು ಎಳೆಯಬೇಕಾಗಲಿಲ್ಲ, ಅವರೇ ಎಳೆದುಕೊಂಡು ಹೋದರು.

ಯಾಕಂದರೆ ಕೂರಿಸು ಅನ್ನೋ ಒಂದು ಪದ ಕೈಲಿದ್ದರೆ ಆ 430ರಲ್ಲಿ ಎಷ್ಟೋ ಅರ್ಥ ನಮಗೆ ಅನುವಾದವೇ ಬೇಡದ ಹಾಗೆ ತಾವಾಗೇ ಬರುತ್ತವೆ. ಉಂಗುರಕ್ಕೆ ಹರಳು ಕೂರಿಸ್ತಾರೆ, ಇಂಗ್ಲಿಷಲ್ಲೂ ಹರಳನ್ನು ಸೆಟ್ ಮಾಡ್ತಾರೆ. ಕೈ ಮುರಿದರೆ ಎಲುಬು ಸರಿಯಾಗಿ ಕೂರಬೇಕು ಅಂತೀವಿ, ಅವರು ಡಾಕ್ಟರ್ ಎಲುಬನ್ನು ಸೆಟ್ ಮಾಡಿದರು ಅಂತಾರೆ. ಕೋಳಿಯನ್ನು ಕಾವಿಗೆ ಕೂರಿಸ್ತೀವಲ್ಲ, ಅದಕ್ಕೂ ಇಂಗ್ಲಿಷ್ ರೈತರ ಬಾಯಲ್ಲಿ ಇದೇ ಪದ. ಗಡಿಯಾರದ ಮುಳ್ಳನ್ನು ಸರಿಯಾದ ಜಾಗದಲ್ಲಿ ಕೂರಿಸಿದರೆ ಅಲಾರಂ ಸೆಟ್. ತಟ್ಟೆ ಲೋಟ ಅದರದರ ಜಾಗದಲ್ಲಿ ಇಟ್ಟರೆ ಟೇಬಲ್ ಸೆಟ್.

ಇನ್ನು ಏನನ್ನೂ ಯಾರೂ ಕೂರಿಸದೆ ತಾನೇ ಸೆಟ್ ಆಗೋದು. ಇದನ್ನು ನಾನಲ್ಲ, ಗೌಂಡಿ ಅಣ್ಣನವರೇ ಹೇಳಿಕೊಟ್ಟರು ಅನ್ನಬೇಕು. ಸಿಮೆಂಟಿಗೆ ನೀರು ಬಿದ್ದ ಮೇಲೆ ಎರಡು ಹಂತ ಇವೆ, ಸೆಟ್ ಆಗೋದು ಬೇರೆ, ಗಟ್ಟಿಯಾಗೋದು ಬೇರೆ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ನಮ್ಮ ದೇಶದ ಮಾನದಂಡದ ಪ್ರಕಾರ ಸೆಟ್ ಆಗೋಕೆ ಶುರುವಾಗೋದು 30 ನಿಮಿಷಕ್ಕಿಂತ ಮೊದಲು ಇರಬಾರದು, ಪೂರ್ತಿ ಸೆಟ್ ಆಗೋದು 600 ನಿಮಿಷ ದಾಟಬಾರದು. ಕಾಂಕ್ರೀಟಿನ ಬಲ ಅಳೆಯೋದು ಮಾತ್ರ 28 ದಿನಕ್ಕೆ. ಹಾಗಾಗಿ ಸ್ಲ್ಯಾಬ್ ಸೆಟ್ ಆಯ್ತು ಅಂದರೆ ಸೆಂಟ್ರಿಂಗ್ ಬಿಚ್ಚಬಹುದು ಅಂತಲ್ಲ. "ಇನ್ನ ಅಲುಗಾಡಂಗಿಲ್ಲ ಅಂತ ಅಷ್ಟರಿ, ಬಲಾ ಬಂದೈತಿ ಅಂತ ಅಲ್ಲ" ಅಂದರು. ಇದಕ್ಕಿಂತ ಚೆನ್ನಾಗಿ ಯಾವ ನಿಘಂಟು ಹೇಳೀತು? ಕೂತು, ಅಲುಗಾಡದೆ ನಿಲ್ಲೋದು. ಬೆಲೆ ಸೆಟ್ ಅಂದರೆ ಇನ್ನು ಅಲುಗಾಡಲ್ಲ. ಮದುವೆ ತಾರೀಖು ಸೆಟ್ ಅಂದರೂ ಅಷ್ಟೇ. ಹಾಲು ಹೆಪ್ಪಾದರೆ ಮೊಸರು ಸೆಟ್, ಪಾತ್ರೆ ಓರೆ ಮಾಡಿದರೂ ಹರಿಯಲ್ಲ. ಸೂರ್ಯ ನಮ್ಮಲ್ಲಿ ಮುಳುಗುತ್ತಾನೆ, ಇಂಗ್ಲಿಷಲ್ಲಿ ಸೆಟ್ ಆಗುತ್ತಾನೆ. ಹಳೇ ಇಂಗ್ಲಿಷಿನಲ್ಲಿ ಸೂರ್ಯಾಸ್ತಕ್ಕೆ ಇದ್ದ ಒಂದು ಪದದ ಅರ್ಥವೇ ಪೀಠಕ್ಕೆ ಹೋಗೋದು ಅಂತ, ಅಂದರೆ ದಿನದ ಕೆಲಸ ಮುಗಿಸಿ ಕೂತ. ದಾಳಿಂಬೆಯವರ ಸೆಟ್ಟಿಂಗ್ ಕೂಡ ಇದೇ ಸಾಲಿಗೆ ಸೇರುತ್ತದೆ. ಹೂವು ಉದುರದೆ ಕಾಯಿ ಕಚ್ಚಿತು ಅಂತ ನಾವು ಅನ್ನೋದು.

ಪಂಪ್‌ಸೆಟ್, ಸೆಟ್ ದೋಸೆ, ಟೀ ಸೆಟ್ ಇವನ್ನು ಕೂರಿಸು ಒಳಗೆ ತುರುಕೋಕೆ ಹೋಗಬೇಡಿ. ಗುಂಪು ಅನ್ನೋ ಅರ್ಥದ ಸೆಟ್ ಬೇರೆ ಊರಿಂದ ಬಂದದ್ದು, ಲ್ಯಾಟಿನ್‌ನ ಸೆಕ್ಟಾದಿಂದ ಹಳೇ ಫ್ರೆಂಚ್ ಮೂಲಕ. ಒಬ್ಬರ ಹಿಂದೆ ಹೋಗುವ ಪಂಥ, ಅನುಯಾಯಿಗಳ ಗುಂಪು ಅಂತ ಅದರ ಅರ್ಥ ಇತ್ತು. ಕೂರಿಸುವ ಸೆಟ್ ಜೊತೆ ಸೇರಿ ಸೇರಿ ಈಗ ಎರಡರ ಗುರುತೂ ಕಲಸಿಹೋಗಿದೆ. ಹೈಸ್ಕೂಲ್ ಗಣಿತದಲ್ಲಿ ಗಣ ಅಂತ ಓದಿದ್ದೇವಲ್ಲ, ಅದು ಈ ಗುಂಪಿನ ಸೆಟ್. ಬೋರ್ಡಲ್ಲಿ ಇವಕ್ಕೆ ಬೇರೆ ಬಣ್ಣದ ಸೀಮೆಸುಣ್ಣ, ಅಷ್ಟು ಸಾಕು.

ನಿಜವಾಗಿ ಸಮಯ ಕೊಡಬೇಕಾದ್ದು ಹಿಂದೆ ಸಣ್ಣ ಬಾಲ ಅಂಟಿಸಿಕೊಂಡ ಸೆಟ್‌ಗಳಿಗೆ, ಯಾಕಂದರೆ ಇಲ್ಲಿ ತಪ್ಪು ತಿಳಿದರೆ ಬರೀ ನಗೆಪಾಟಲಾಗೋದಲ್ಲ, ನಷ್ಟ ಆಗುತ್ತದೆ. ಗುಮಾಸ್ತ ತಮ್ಮ ಹೇಳಿದ್ದು ಕೇಳಿ. ನಮ್ಮ ಜಿಲ್ಲೆಯ ಮೇಲ್ಮನವಿಗಳು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುತ್ತವೆ. ಜಮೀನಿನ ಕೇಸೊಂದರಲ್ಲಿ ಕೆಳಗಿನ ಕೋರ್ಟಿನ ಆದೇಶ ಸೆಟ್ ಅಸೈಡ್ ಆಯ್ತು ಅಂತ ಫೋನ್ ಬಂತು. ಕಕ್ಷಿದಾರರ ಮಗ, ಡಿಗ್ರಿ ಆದವನು, ಅಪ್ಪನಿಗೆ "ಬದಿಗಿಟ್ಟಾರಂತ, ಆಮ್ಯಾಲೆ ನೋಡ್ತಾರಂತ" ಅಂದುಬಿಟ್ಟ. ಪದ ಪದ ಬಿಡಿಸಿದರೆ ಅವನು ಹೇಳಿದ್ದು ಸರಿಯೇ! ದುಡ್ಡು ಸೆಟ್ ಅಸೈಡ್ ಮಾಡಿದೆ ಅಂದರೆ ಬೇಕಾದಾಗ ಇರಲಿ ಅಂತ ಎತ್ತಿಟ್ಟೆ ಅಂತಲೇ ಅರ್ಥ. ಕೋರ್ಟಿನ ಬಾಯಲ್ಲಿ ಮಾತ್ರ ಅದು ರದ್ದು. ಆ ಅಪ್ಪ ಗೆದ್ದ ಕೇಸಿಗೆ ಎಷ್ಟು ದಿನ ಚಿಂತೆ ಮಾಡಿದನೋ.

ಸೆಟ್ ಆಫ್ ಕೂಡ ಹಾಗೇ. ಬೆಳಿಗ್ಗೆ ಗಂಗಾವತಿಗೆ ಸೆಟ್ ಆಫ್ ಅಂದರೆ ಹೊರಟೆ, ಪಟಾಕಿ ಸೆಟ್ ಆಫ್ ಅಂದರೆ ಹಚ್ಚಿದೆ, ಆಡಿಟರ್ ನಷ್ಟ ಸೆಟ್ ಆಫ್ ಅಂದರೆ ಲಾಭದ ಲೆಕ್ಕದಲ್ಲಿ ವಜಾ ಹಾಕಿದ. ಮನೆ ಕಟ್ಟುವಾಗ ಸೆಟ್‌ಬ್ಯಾಕ್ ಅಂದರೆ ಸುತ್ತ ಬಿಡುವ ಖಾಲಿ ಜಾಗ, ಪೇಪರಲ್ಲಿ ಪಕ್ಷಕ್ಕೆ ಸೆಟ್‌ಬ್ಯಾಕ್ ಅಂದರೆ ಹಿನ್ನಡೆ. ಸೆಟ್ ಇನ್ ನನಗೆ ಬಹಳ ಇಷ್ಟ, ಮಳೆ ಹಿಡೀತು ಅಂತೀವಲ್ಲ, ಜಿಟಿಜಿಟಿ ಶುರುವಾಗಿ ಇನ್ನು ಬಿಡಲ್ಲ ಅನ್ನೋ ಹಾಗೆ, ಅದೇ. ಇವನ್ನು ನಾನು ಬಿಡಿಬಿಡಿಯಾಗಿ ಕಲಿಸಲ್ಲ, ಯಾರ ಬಾಯಲ್ಲಿ ಅಂತ ಸೇರಿಸಿಯೇ ಕಲಿಸುತ್ತೇನೆ. ಕೋರ್ಟಿನ ಸೆಟ್, ಆಡಿಟರ್ ಸೆಟ್, ಗೌಂಡಿ ಸೆಟ್.

ಕಾಲದ ವಿಷಯ ಒಂದು ಮಾತಲ್ಲಿ ಮುಗಿಯುತ್ತದೆ. ಸೆಟ್, ಸೆಟ್, ಸೆಟ್, ಮೂರು ರೂಪವೂ ಒಂದೇ, ಪುಟ್, ಕಟ್, ಹಿಟ್ ಇದ್ದ ಹಾಗೆ. ಸೆಟ್ಟೆಡ್ ಅನ್ನೋದು ಇಲ್ಲ. ಅವನು, ಅವಳು ಅಂದಾಗ ಕೊನೆಯಲ್ಲಿ ಸ್ ಬಂದರೆ ಸಾಮಾನ್ಯವಾಗಿ ಮಾಡುವ ಕೆಲಸ, ಬರದಿದ್ದರೆ ಆಗಿ ಮುಗಿದ ಕೆಲಸ. ನಾನು, ನೀವು ಅಂದಾಗ ಮಾತ್ರ ನಿನ್ನೆ, ದಿನಾಲೂ ಅಂತ ಜೊತೆಗೊಂದು ಪದ ಹಾಕಿಬಿಡಿ.

ಕೊನೆಗೆ ಬೋರ್ಡಲ್ಲಿ ಉಳಿಯೋದು ನಮ್ಮದೇ ಸೆಟ್, ಇಂಗ್ಲಿಷಿಗೆ ಗೊತ್ತೇ ಇಲ್ಲದ್ದು. ಆ ಕೆಲಸ ನನಗೆ ಸೆಟ್ ಆಗಲಿಲ್ಲ, ಈ ಬಣ್ಣ ನಿನಗೆ ಸೆಟ್ ಆಗುತ್ತೆ, ಅವರಿಬ್ಬರಿಗೂ ಸೆಟ್ ಆಗಲ್ಲ. ಕನ್ನಡದಲ್ಲಿ ಧಾರಾಳವಾಗಿ ಬಳಸಿ, ಇಂಟರ್‌ವ್ಯೂನಲ್ಲಿ ಮಾತ್ರ ಬೇಡ. ಹಳೇ ಕೆಲಸ ಯಾಕೆ ಬಿಟ್ರಿ ಅಂತ ಕೇಳಿದಾಗ ಸೆಟ್ ಅಂದರೆ ಎದುರಿಗೆ ಕೂತವರಿಗೆ ಸಿಮೆಂಟೇ ಕಾಣೋದು. ಅಲ್ಲಿ ಸೂಟ್ ಅನ್ನಿ. ಬಣ್ಣಕ್ಕೂ ಸೂಟ್, ಇಬ್ಬರು ಮನುಷ್ಯರಿಗೆ ಗೆಟ್ ಅಲಾಂಗ್. ಇದನ್ನು ಬರೆಸುವಾಗ ಫ್ಯಾಕ್ಟರಿ ಹುಡುಗನೊಬ್ಬ ಕೈ ಎತ್ತಿದ, "ಲೈಫ್ ಸೆಟ್ ಅನ್ನಬಹುದೇನ್ರಿ ಅಕ್ಕೋರ?" ಅಂತ. ಅನ್ನಬಹುದಪ್ಪ, ಸೆಟ್ ಫಾರ್ ಲೈಫ್ ಅಂತ ಅವರಲ್ಲೂ ಇದೆ, ಆದರೆ ಬದುಕಿರೋವರೆಗೂ ಸಾಕಾಗುವಷ್ಟು ದುಡ್ಡು ಕೈಲಿದ್ದವರಿಗೆ ಹೇಳೋ ಮಾತದು, ಕೆಲಸ ಪರ್ಮನೆಂಟ್ ಆದವರಿಗಲ್ಲ ಅಂದೆ. ಬರೆದುಕೊಂಡ, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡ.