ವಿದೇಶಿ ಎಂಬಿಬಿಎಸ್ ಪದವೀಧರರು ಎಫ್‌ಎಂಜಿಇಗೆ ಸಿದ್ಧರಾಗುವುದು ಹೇಗೆ?

ರಷ್ಯಾ, ಜಾರ್ಜಿಯಾ, ಕಿರ್ಗಿಸ್ತಾನದಂತಹ ದೇಶಗಳಲ್ಲಿ ವೈದ್ಯಕೀಯ ಪದವಿ ಪಡೆದು ಮರಳಿದವರು ಇಲ್ಲಿ ವೈದ್ಯರಾಗಬೇಕಾದರೆ ವೈದ್ಯಕೀಯ ವಿಜ್ಞಾನಗಳ ರಾಷ್ಟ್ರೀಯ ಪರೀಕ್ಷಾ ಮಂಡಳಿ (ಎನ್‌ಬಿಇಎಂಎಸ್) ವರ್ಷಕ್ಕೆ ಎರಡು ಬಾರಿ ನಡೆಸುವ ವಿದೇಶಿ ವೈದ್ಯಕೀಯ ಪದವೀಧರರ ಪರೀಕ್ಷೆಯಲ್ಲಿ (ಎಫ್‌ಎಂಜಿಇ) ತೇರ್ಗಡೆಯಾಗಬೇಕು. ಒಟ್ಟು 300 ಬಹು ಆಯ್ಕೆಯ ಪ್ರಶ್ನೆಗಳಿದ್ದು, ತಲಾ 150 ನಿಮಿಷಗಳ ಎರಡು ಭಾಗಗಳಲ್ಲಿ ಉತ್ತರಿಸಬೇಕು. ತೇರ್ಗಡೆಗೆ 150 ಅಂಕ ಬೇಕು. 149 ಬಂದರೆ ಅನುತ್ತೀರ್ಣವೇ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಮೊದಲ ಕೆಲಸ ದಾಖಲೆಗಳದ್ದು. 2021ರ ನವೆಂಬರ್ 18ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಕೋರ್ಸ್ ಕನಿಷ್ಠ 54 ತಿಂಗಳಿನದ್ದಾಗಿರಬೇಕು, ಬೋಧನೆ ಇಂಗ್ಲಿಷ್ ಮಾಧ್ಯಮದಲ್ಲಿ ನಡೆದಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು. ಏಜೆಂಟರ ಮಾತು ನಂಬಿ ಮಕ್ಕಳನ್ನು ವಿಮಾನ ಹತ್ತಿಸುವ ಪೋಷಕರು ಪ್ರವೇಶಕ್ಕೂ ಮುನ್ನವೇ ಇದನ್ನು ಪರಿಶೀಲಿಸುವುದು ಒಳಿತು.

ಎರಡನೆಯದು ಓದಿನ ಯೋಜನೆ. ಜನರಲ್ ಮೆಡಿಸಿನ್‌ಗೆ 33, ಸರ್ಜರಿಗೆ 32, ಪ್ರಸೂತಿ ಮತ್ತು ಸ್ತ್ರೀರೋಗ ಶಾಸ್ತ್ರಕ್ಕೆ 30 ಅಂಕಗಳಿರುವುದರಿಂದ ಅವುಗಳನ್ನು ಯಾರೂ ಕಡೆಗಣಿಸುವುದಿಲ್ಲ. ಆದರೆ ಅಷ್ಟೇ ತೂಕದ, ಅಂದರೆ 30 ಅಂಕಗಳ, ಸಾರ್ವಜನಿಕ ಆರೋಗ್ಯದ ಕುರಿತಾದ ಸಮುದಾಯ ವೈದ್ಯಶಾಸ್ತ್ರವನ್ನು ಕೊನೆಯ ವಾರಕ್ಕೆ ತಳ್ಳುವವರು ಅನೇಕರು. ಹೊರದೇಶದ ಕಾಲೇಜುಗಳು ಆಯಾ ದೇಶದ ಆರೋಗ್ಯ ವ್ಯವಸ್ಥೆಯನ್ನು ಕಲಿಸುತ್ತವೆಯೇ ಹೊರತು ನಮ್ಮದನ್ನಲ್ಲ. ಆರು ವಾರದ ಶಿಶುವಿಗೆ ಭಾರತದ ವೇಳಾಪಟ್ಟಿಯಲ್ಲಿ ಪೋಲಿಯೊ ಹನಿ, ಪೆಂಟಾವೇಲೆಂಟ್, ರೋಟಾವೈರಸ್ ಮುಂತಾದ ಯಾವ ಲಸಿಕೆಗಳಿವೆ, ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದ ಚಿಕಿತ್ಸಾ ಕ್ರಮವೇನು ಎಂಬುದನ್ನು ಇಲ್ಲಿನ ಪಠ್ಯದಿಂದಲೇ ಓದಬೇಕು. ರೋಗಗಳೂ ಹಾಗೆಯೇ: 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಉಣುಗಿನಿಂದ ಹರಡುವ ಮಂಗನ ಕಾಯಿಲೆಯಾಗಲಿ, ನಾಗರಹಾವಿನ ಕಡಿತವಾಗಲಿ ಹಿಮದ ನಾಡಿನ ವಾರ್ಡುಗಳಲ್ಲಿ ಕಾಣಸಿಗುವಂಥವಲ್ಲ. ಹೀಗಾಗಿ ಈ ವಿಷಯವನ್ನು ಆರಂಭದಲ್ಲೇ ಕೈಗೆತ್ತಿಕೊಂಡು, ಮಧ್ಯದಲ್ಲೊಮ್ಮೆ, ಪರೀಕ್ಷೆಗೆ ಮುನ್ನ ಮತ್ತೊಮ್ಮೆ ಓದಿಕೊಳ್ಳಬೇಕು. ಅಂಗರಚನಾ ಶಾಸ್ತ್ರ, ಶರೀರಕ್ರಿಯಾ ಶಾಸ್ತ್ರ, ಜೀವರಸಾಯನ ಶಾಸ್ತ್ರಗಳಿಗೆ ತಲಾ 17 ಅಂಕ ಮಾತ್ರ. ಮೊದಲ ವರ್ಷದ ದಪ್ಪ ಪುಸ್ತಕಗಳಲ್ಲೇ ತಿಂಗಳುಗಟ್ಟಲೆ ಮುಳುಗುವುದು ಲಾಭದ ಲೆಕ್ಕವಲ್ಲ.

ಮೂರನೆಯದಾಗಿ, ಎರಡೂವರೆ ಗಂಟೆ ಕದಲದೆ ಕುಳಿತು ಅಣಕು ಪರೀಕ್ಷೆ ಬರೆಯಬೇಕು. ಸರಿ ಉತ್ತರಗಳನ್ನು ಎಣಿಸುವುದಕ್ಕಿಂತ ತಪ್ಪಾದ ಪ್ರಶ್ನೆಯ ನಾಲ್ಕೂ ಆಯ್ಕೆಗಳನ್ನು ಓದಿ ಅರ್ಥ ಮಾಡಿಕೊಳ್ಳುವುದಕ್ಕೆ ಹೆಚ್ಚು ಹೊತ್ತು ಕೊಡಬೇಕು.

ತೇರ್ಗಡೆಯಾದೊಡನೆ ಕ್ಲಿನಿಕ್ ತೆರೆಯುವಂತಿಲ್ಲ. ಕರ್ನಾಟಕದಲ್ಲಾದರೆ ರಾಜ್ಯ ವೈದ್ಯಕೀಯ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿ ಮಾಡಿಸಿ, ವಿದೇಶದಲ್ಲಿ ಮಾಡಿದ್ದರೂ ಇಲ್ಲಿನ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಮತ್ತೆ ಇಂಟರ್ನ್‌ಶಿಪ್ ಪೂರೈಸಿದ ಬಳಿಕವಷ್ಟೇ ಕಾಯಂ ನೋಂದಣಿಗೆ ಅರ್ಜಿ ಸಲ್ಲಿಸಬಹುದು. ಇಂಟರ್ನ್‌ಶಿಪ್ ಸ್ಥಾನಗಳು ಸೀಮಿತವಾಗಿರುವುದರಿಂದ ಫಲಿತಾಂಶ ಬಂದ ಕೂಡಲೇ ಆ ಪ್ರಕ್ರಿಯೆ ಆರಂಭಿಸಬೇಕು.